ಸಾಕ್ಷಿಗೆ ಬಂದ ಆಟಿಕೆ ರೈಲು

ಸೋಮವಾರ, 7 ಜನವರಿ 2002

ನನಗೆ ಐವತ್ತೆರಡು ವರ್ಷ. ಇಪ್ಪತ್ತಾರು ವರ್ಷದ ನೌಕರಿ. ಇವತ್ತು ಬೋಪಣ್ಣ ನನ್ನ ಮನೆಯ ಪಡಸಾಲೆಯಲ್ಲಿ ಒಂದು ಆಟಿಕೆ ರೈಲಿನ ಡಬ್ಬ ಇಟ್ಟು ಹೋಗಿದ್ದಾನೆ. ನಾಳೆಯಿಂದ ನಾನು ಅದನ್ನು ಓಡಿಸಬೇಕಂತೆ. ಯಾರನ್ನಾದರೂ ಬಡಿಯುವ ಬದಲು ಈ ಡೈರಿಯಲ್ಲಿ ಬರೆಯುತ್ತಿದ್ದೇನೆ. ಡೈರಿಯೂ ಹೋದ ವರ್ಷದ್ದು. ಹೊಸ ವರ್ಷಕ್ಕೆ ಕಂಪನಿ ಎಲ್ಲರಿಗೂ ಡೈರಿ ಹಂಚಿತು, ಸಸ್ಪೆಂಡ್ ಆದವನಿಗೆ ಕೊಡಲಿಲ್ಲ. ತಾರೀಖು, ವಾರ ಎಲ್ಲ ನಾನೇ ತಿದ್ದಿಕೊಳ್ಳಬೇಕು.

ಮನೆಯಲ್ಲಿ ಕೂತು ನಲವತ್ತೆರಡು ದಿನವಾಯಿತು. ಆರೋಪಪಟ್ಟಿ ಶನಿವಾರ ಬಂತು. ‘ಕರ್ತವ್ಯದಲ್ಲಿ ತೀವ್ರ ನಿರ್ಲಕ್ಷ್ಯ’ ಎಂದು ಬರೆದಿದ್ದಾರೆ. ಬರೆದವನು ಒಂದು ದಿನವಾದರೂ ನಾಗಪುರದ ಬಿಸಿಲಿನಲ್ಲಿ ಸರಕು ತುಂಬುವ ನಮ್ಮ ಸೈಡಿಂಗಿನ ಕಟ್ಟೆಯ ಮೇಲೆ ನಿಂತಿದ್ದಾನೆಯೇ? ಗೊಬ್ಬರದ ಚೀಲ ತುಂಬಿದ ವ್ಯಾಗನ್ನು ಗಂಟೆಯೊಳಗೆ ಹೊರಡದಿದ್ದರೆ ಮೇಲಿನಿಂದ ಯಾವ ಯಾವ ಭಾಷೆಯಲ್ಲಿ ಬೈಗುಳ ಬರುತ್ತದೆ ಎಂದು ಅವನಿಗೆ ಗೊತ್ತಿದೆಯೇ?

ನಿಯಮ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಮಾಲರು ಚೀಲ ತುಂಬಿ ಮುಗಿಸಿದ ಮೇಲೆ ನಾನು ಪ್ರತಿ ವ್ಯಾಗನ್ನಿನ ಒಳಗೆ ಇಣುಕಿ, ಯಾರೂ ಇಲ್ಲ, ಕಟ್ಟೆಯಿಂದ ಹಾಸಿದ ಹಲಗೆ ತೆಗೆದಿದ್ದಾರೆ ಎಂದು ನೋಡಿ, ಬಿಡುಗಡೆ ಚೀಟಿಯ ಮೇಲೆ ವೇಳೆ ಬರೆದು ಸಹಿ ಹಾಕಬೇಕು. ಆ ಚೀಟಿ ಕೈಗೆ ಬಂದರೆ ಮಾತ್ರ ಯಲ್ಲಪ್ಪ ತನ್ನ ಇಂಜಿನ್ನು ತಂದು ವ್ಯಾಗನ್ನು ಎಳೆಯಬೇಕು. ಇದು ಪುಸ್ತಕದ ಮಾತು. ಬೆಳಿಗ್ಗೆ ಎಂಟಕ್ಕೇ ದಿನದ ಚೀಟಿಗಳಿಗೆಲ್ಲ ಸಹಿ ಹಾಕಿ ಯಲ್ಲಪ್ಪನ ಕೈಯಲ್ಲಿ ಕೊಟ್ಟುಬಿಡುವುದು ನಮ್ಮ ಕಟ್ಟೆಯ ಮಾತು. ನಾನು ಹುಟ್ಟಿಸಿದ್ದಲ್ಲ. ನನಗಿಂತ ಹಿಂದೆ ಇದ್ದವರೂ ಹಾಗೇ ಮಾಡುತ್ತಿದ್ದರು, ಅವರಿಗೆ ಬಡ್ತಿ ಸಿಕ್ಕಿತು.

ನವೆಂಬರ್ ಇಪ್ಪತ್ನಾಲ್ಕರಂದು ನಾನು ಆಫೀಸಿನಲ್ಲಿ ಫೋನಿನ ಮುಂದೆ ಇದ್ದೆ. ಹುಬ್ಬಳ್ಳಿ ಡಿಪೋಗೆ ವರ್ಗವಾಗುವವರ ಪಟ್ಟಿ ಅವತ್ತು ಬರುವುದಿತ್ತು. ಹನ್ನೊಂದು ವರ್ಷದಿಂದ ಅರ್ಜಿ ಹಾಕುತ್ತ ಬಂದಿದ್ದೇನೆ. ಪಟ್ಟಿಯಲ್ಲಿ ನನ್ನ ಹೆಸರಿದೆ ಎಂದು ಕೇಳಿ ಫೋನು ಇಡುವಷ್ಟರಲ್ಲಿ ಹೊರಗೆ ಕೂಗಾಟ. ಯಲ್ಲಪ್ಪ ವ್ಯಾಗನ್ನು ಎಳೆದಿದ್ದ. ಮೂರನೆಯ ವ್ಯಾಗನ್ನಿನಲ್ಲಿ ಇನ್ನೂ ಒಬ್ಬ ಹಮಾಲನಿದ್ದ. ಗಾಡಿ ಅಲುಗಿದ್ದೇ ತಡ ಅವನು ಹಲಗೆಯ ಮೇಲೆ ಓಡಿ ಬಂದ, ಹಲಗೆ ಜಾರಿತು, ಕಟ್ಟೆಗೂ ಗಾಲಿಗೂ ನಡುವೆ ಬಿದ್ದ. ಮೊಣಕಾಲಿನ ಕೆಳಗೆ ಒಂದು ಕಾಲು ಹೋಯಿತು.

ಈಗ ತಪ್ಪು ಒಂದೋ ನನ್ನದಾಗಬೇಕು, ಇಲ್ಲವೇ ಯಲ್ಲಪ್ಪನದು. ಇಬ್ಬರಲ್ಲಿ ಒಬ್ಬನನ್ನು ಮನೆಗೆ ಕಳಿಸುತ್ತಾರೆ. ಹಮಾಲರ ಮುಕಾದಮ ಕೈ ಬೀಸಿದ, ಎಳೆದೆ ಎನ್ನುತ್ತಾನೆ ಆ ಯಲ್ಲಪ್ಪ. ಹಿಂದೆ ತಿರುಗಿ ನೋಡಲು ಅವನ ಕುತ್ತಿಗೆಗೆ ಏನಾಗಿತ್ತು?

ಮಂಗಳವಾರ, 8 ಜನವರಿ

ಬೋಪಣ್ಣ ಕೊಡಗಿನವನು. ಸೈನ್ಯದಲ್ಲಿ ಸುಬೇದಾರನಾಗಿ ನಿವೃತ್ತನಾಗಿ ನಾಗಪುರದ ಪಕ್ಕದ ಕಾಮಠಿಯಲ್ಲೇ ಮನೆ ಮಾಡಿಕೊಂಡ, ಆಮೇಲೆ ನಮ್ಮ ಕಂಪನಿಯ ಕಾವಲಿನ ಉಸ್ತುವಾರಿ ನೋಡಿಕೊಂಡಿದ್ದ. ಈಗ ಇಲಾಖಾ ವಿಚಾರಣೆಗೆ ಸಿಕ್ಕಿಬಿದ್ದವರ ಪರವಾಗಿ ಕೂತು ಮಾತಾಡುವುದೇ ಅವನ ಉದ್ಯೋಗ. ಹನ್ನೊಂದು ಜನರನ್ನು ಬಚಾವು ಮಾಡಿದ್ದಾನೆ. ಹನ್ನೆರಡನೆಯವನು ನಾನು.

“ನೋಡಿ ಕಾಶೀನಾಥ್, ವಿಚಾರಣೆಗೆ ಬರ್ತಿರೋ ಸಾಹೇಬರು ಮುಂಬೈಯವರು, ಲೆಕ್ಕಪತ್ರದ ಕಡೆಯವರು. ವ್ಯಾಗನ್ ಹತ್ತಿರದಿಂದ ನೋಡೇ ಇಲ್ಲ. ನೀವು ಬಾಯಲ್ಲಿ ನೂರು ಸಲ ಹೇಳಿದ್ರೂ ಅರ್ಥ ಆಗಲ್ಲ. ಕಣ್ಣಿಗೆ ತೋರಿಸಬೇಕು,” ಎಂದ. ಅದಕ್ಕೆಂದು ಗಾಂಧಿಬಾಗ್ ಪೇಟೆಯೆಲ್ಲ ಸುತ್ತಿ ಈ ಚೀನಾದ ರೈಲು ತಂದಿದ್ದಾನೆ.

ಪಡಸಾಲೆಯ ನೆಲದ ಮೇಲೆ ಮೂವರೂ ಕೂತು ಜೋಡಿಸಿದೆವು. ನಾನು, ಬೋಪಣ್ಣ, ನನ್ನ ಹೆಂಡತಿ ಕಲಾವತಿ. ನನ್ನ ಮಂಡಿ ಮೊದಲೇ ಸರಿಯಿಲ್ಲ. ಮೊಟ್ಟೆಯಾಕಾರದ ಹಳಿ, ಎರಡು ಸೆಲ್ಲಿನ ಇಂಜಿನ್ನು, ಮೂರು ವ್ಯಾಗನ್ನು. ಹಿಡಿಕೆ ತಿರುಗಿಸಿದರೆ ಕೊಕ್ಕೆ ಇಳಿಸಿ ಪುಟ್ಟ ಪೀಪಾಯಿ ಎತ್ತಿಡುವ ಕ್ರೇನು. ಗಾಡಿ ಬಂದು ಕೆಳಗೆ ನಿಂತರೆ ಬಾಯಿ ತೆರೆದು ಹಳದಿ ಮಣಿ ಸುರಿಯುವ ಒಂದು ಗೋಪುರ. ಸ್ವಲ್ಪ ಮುಂದೆ ಹೋದರೆ ಹಳಿಯ ಪಕ್ಕದ ಗೂಟಕ್ಕೆ ತಾಗಿ ವ್ಯಾಗನ್ನು ಓರೆಯಾಗಿ ಮಣಿಯೆಲ್ಲ ಚೆಲ್ಲಿಬಿಡುತ್ತದೆ. ತುಂಬಿದ್ದನ್ನು ಅದೇ ಸುತ್ತಿನಲ್ಲಿ ಚೆಲ್ಲುವುದು. ನಮ್ಮ ಕಂಪನಿಯ ಆಡಳಿತ ನೋಡಿ ಮಾಡಿದ ಹಾಗಿದೆ.

ಇಂಜಿನ್ನಿಗೆ ಬ್ರೇಕಿಲ್ಲ. ಕೊಂಡಿ ಮುಟ್ಟಿದರೆ ಬಿಚ್ಚಿಕೊಳ್ಳುತ್ತದೆ. ಗಾಲಿಗೆ ಕೊಡುವ ಕಟ್ಟಿಗೆಯ ತುಂಡಿಲ್ಲ. ಇಂಥದ್ದರ ಮೇಲೆ ನನ್ನ ಇಪ್ಪತ್ತಾರು ವರ್ಷ ನಿಂತಿದೆ. ಕಲಾವತಿಗೆ ನಗು. ಮಣಿ ಸುರಿಯುವುದನ್ನು ನಾಲ್ಕು ಸಲ ನೋಡಿದಳು.

ಗುರುವಾರ, 10 ಜನವರಿ

ಇವತ್ತಿನಿಂದ ಅಭ್ಯಾಸ. ಸೀಮೆಸುಣ್ಣದಿಂದ ನೆಲದ ಮೇಲೆ ಆಫೀಸು, ಕಟ್ಟೆ, ಮುಕಾದಮ ನಿಂತ ಜಾಗ ಎಲ್ಲ ಬರೆದೆವು. ಕಲಾವತಿ ಯಲ್ಲಪ್ಪನ ಪಾತ್ರ, ಇಂಜಿನ್ನಿನ ಗುಂಡಿ ಒತ್ತುವುದು. ಬೋಪಣ್ಣ ಮುಕಾದಮ. ನಾನು ನಾನೇ.

ಬೋಪಣ್ಣನ ಕಥೆ ಹೀಗೆ: ಚೀಟಿ ನನ್ನ ಮೇಜಿನ ಮೇಲಿತ್ತು. ಸಹಿಯಾಗಿತ್ತು, ಇನ್ನೂ ಕೊಟ್ಟಿರಲಿಲ್ಲ. ಯಲ್ಲಪ್ಪನಿಗೆ ಮನೆಗೆ ಹೋಗುವ ಆತುರ, ನಾನು ಫೋನಿನಲ್ಲಿದ್ದಾಗ ಕೇಳದೆ ಎತ್ತಿಕೊಂಡು ಹೋದ. ರೈಲು ಓಡಿಸಿ ಇದನ್ನು ಎರಡು ನಿಮಿಷದಲ್ಲಿ ತೋರಿಸಬೇಕು.

“ಹೌದು, ಆದ್ರ ಚೀಟಿ ಮೇಜಿನ ಮ್ಯಾಲೆ ಎಲ್ಲಿತ್ತು? ಮುಂಜಾನೆ ಕೊಟ್ಟಬಿಡ್ತೀನಿ ಅಂತ ನೀವ ಹೇಳ್ತಿದ್ರಲ್ಲ,” ಎಂದಳು ಕಲಾವತಿ.

“ನೀ ಗುಂಡಿ ಒತ್ತು. ಅಷ್ಟ ನಿನ್ನ ಕೆಲಸ,” ಎಂದೆ.

“ಒತ್ತತೀನಿ. ನಾ ಯಲ್ಲಪ್ಪ ಅಂತ ಮಾಡೀರಿ, ಅದಕ್ಕ ಕೇಳಿದೆ. ಅಂವಾ ಕೇಳಂಗಿಲ್ಲೇನು?”

ಬೋಪಣ್ಣ ನಗುತ್ತ, “ಯಲ್ಲಪ್ಪ ಕೇಳಲ್ಲ ತಾಯಿ. ಅವನ ಪರವಾಗಿ ಕೂರೋಕೆ ಯಾರೂ ಇಲ್ಲ,” ಎಂದ. ಅದು ನಿಜ. ನನಗೇಕೋ ಬೋಪಣ್ಣನ ನಗು ಸೇರಲಿಲ್ಲ. ಚಹಾ ಕೊಡಬೇಡ ಎಂದು ಕಲಾವತಿಗೆ ಸನ್ನೆ ಮಾಡಿದೆ, ಅವಳು ಚಹಾದ ಜೊತೆ ಚೂಡಾ ಕೂಡ ತಂದಿಟ್ಟಳು.

ಸೋಮವಾರ, 14 ಜನವರಿ. ಸಂಕ್ರಾಂತಿ

ಬೆಳಿಗ್ಗೆಯಿಂದ ಕಾಲನಿಯ ತುಂಬ ‘ತಿಳ್‌ಗುಳ್ ಘ್ಯಾ, ಗೋಡ್ ಬೋಲಾ’. ಎಳ್ಳು ತಿನ್ನು, ಸಿಹಿ ಮಾತಾಡು. ಸಸ್ಪೆಂಡ್ ಆದವನ ಬಾಯಿಗೆ ಎಳ್ಳುಂಡೆ ತುರುಕಿ ಸಿಹಿ ಮಾತಾಡು ಎನ್ನುವ ಈ ಜನರ ಧೈರ್ಯ ಮೆಚ್ಚಬೇಕು. ಪಕ್ಕದ ಮನೆಯವರು ಹೊಸ್ತಿಲ ಹೊರಗೇ ನಿಂತು ಕೊಟ್ಟು ಹೋದರು. ಮೊದಲು ಒಳಗೆ ಬಂದು ಒಂದು ತಾಸು ಕೂರುತ್ತಿದ್ದರು.

ಹನ್ನೊಂದರ ಹೊತ್ತಿಗೆ ಯಲ್ಲಪ್ಪ ಬಂದ, ಹೆಂಡತಿಯನ್ನು ಕರೆದುಕೊಂಡು. ನಾನು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ಏನು ಧೈರ್ಯ. ಹದಿನೇಳು ವರ್ಷದಿಂದ ಪ್ರತಿ ಸಂಕ್ರಾಂತಿಗೆ ಬರುತ್ತಾನೆ ನಿಜ, ಯಾದಗಿರಿ ಕಡೆಯಿಂದ ಬಂದ ಹುಡುಗನಿಗೆ ಈ ನೌಕರಿ ಕೊಡಿಸಿದವನು ನಾನೇ ನಿಜ, ಆದರೂ ಈ ವರ್ಷ ಬರಬಾರದೆಂದು ತಿಳಿಯುವುದಿಲ್ಲವೇ?

ಬಾಗಿಲ ಈಚೆಯಿಂದ ಎಲ್ಲ ಕೇಳುತ್ತಿತ್ತು. “ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣ್ರಿ ಅಕ್ಕಾರ,” ಎಂದಳು ಅವನ ಹೆಂಡತಿ. ಯಲ್ಲಪ್ಪ ನೆಲದ ಮೇಲಿನ ರೈಲು ನೋಡಿರಬೇಕು. ಆಮೇಲೆ ಸಣ್ಣ ದನಿಯಲ್ಲಿ, “ಸರ್‌ಗೆ ಒಂದು ಮಾತು ಹೇಳ್ರಿ ಅಕ್ಕಾರ. ಮುಂಜಾನೆ ಸಹಿ ಹಾಕಿ ಕೊಡೂ ವಿಷಯ ನಾ ಎಲ್ಲೂ ಬಾಯಿ ಬಿಟ್ಟಿಲ್ಲ. ಅವರ ಹೇಳೂ ತನಕ ನಾ ಹೇಳಂಗಿಲ್ಲ,” ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಇವನು ನನಗೆ ದಾನ ಮಾಡುತ್ತಿದ್ದಾನೆಯೇ? ಬಾಯಿ ಬಿಟ್ಟಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಬಾಯಿ ಬಿಡದವನ ಜೊತೆ ಜಗಳವಾಡುವುದು ಹೇಗೆ? ಆಮೇಲೆ ಕಲಾವತಿ ಅವನಿಗೆ ಏನೋ ಹೇಳಿದಳು, ಮಿಕ್ಸರಿನ ಸದ್ದಿನಲ್ಲಿ ಕೇಳಲಿಲ್ಲ. ಪಕ್ಕದ ಮನೆಯವರಿಗೆ ಹಬ್ಬದ ದಿನವೇ ಚಟ್ನಿ ರುಬ್ಬಬೇಕು.

ಮಂಗಳವಾರ, 15 ಜನವರಿ

ಅವನು ತಂದ ಎಳ್ಳು ತಿನ್ನಲಿಲ್ಲ.

ಗುರುವಾರ, 17 ಜನವರಿ

ಕಲಾವತಿ ಕನ್ನಡ ಸಂಘದ ಅರಿಶಿನ ಕುಂಕುಮಕ್ಕೆ ಹೋಗಿದ್ದಳು. ಮೂರನೆಯ ವ್ಯಾಗನ್ನಿನ ಗಾಲಿ ತಿರುಗುತ್ತಿರಲಿಲ್ಲ, ಕೂದಲು ಸುತ್ತಿಕೊಂಡಿತ್ತು. ಸೂಜಿಯಿಂದ ತೆಗೆದು ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟೆ. ಸರಿ ಹೋಯಿತೇ ಎಂದು ನೋಡಲು ಒಂದು ಸುತ್ತು ಓಡಿಸಿದೆ. ಕೊಂಡಿ ಸಡಿಲವಿತ್ತು, ದಾರ ಕಟ್ಟಿದೆ. ಕ್ರೇನಿನ ಕೊಕ್ಕೆ ಪೀಪಾಯಿಯನ್ನು ಓರೆಯಾಗಿ ಹಿಡಿಯುತ್ತಿತ್ತು, ಅದನ್ನೂ ಸರಿ ಮಾಡಿದೆ. ಹಿಡಿಕೆಯನ್ನು ನಿಧಾನ ತಿರುಗಿಸಬೇಕು, ಅವಸರ ಮಾಡಿದರೆ ತೂಗಾಡಿ ಬೀಳುತ್ತದೆ. ಕಲಾವತಿ ಬಂದು ದೀಪ ಹಾಕಿದಾಗಲೇ ನನಗೆ ಹೊತ್ತು ಹೋದದ್ದು ತಿಳಿದದ್ದು. ಮೂರು ತಾಸು. ಥೂ.

ಒಂದು ಉಪಯೋಗವಾಯಿತು. ಸೀಮೆಸುಣ್ಣದ ಆಫೀಸಿನಲ್ಲಿ ಕೆನ್ನೆ ನೆಲಕ್ಕೆ ಹಚ್ಚಿ ಮಲಗಿ ನೋಡಿದೆ. ಫೋನಿನ ಜಾಗದಿಂದ ಮೊದಲೆರಡು ವ್ಯಾಗನ್ನು ಕಾಣುತ್ತವೆ. ಮೂರನೆಯದು ಗೋಪುರದ ಹಿಂದೆ ಮರೆಯಾಗುತ್ತದೆ. ನಮ್ಮ ಸೈಡಿಂಗಿನಲ್ಲೂ ಹಾಗೇ, ನೀರಿನ ಟಾಕಿ ಅಡ್ಡ. ನನಗೆ ಕಾಣಿಸುವುದೇ ಸಾಧ್ಯವಿರಲಿಲ್ಲ. ಬೋಪಣ್ಣನಿಗೆ ಹೇಳಬೇಕು, ಇದು ನಮ್ಮ ಪರವಾಗಿ ಒಳ್ಳೆಯ ವಾದ.

ಅಲ್ಲಿಂದ ಕಾಣುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಲಿ. ಕೇಳುವವರಿಗೇನು, ಬಾಯಿಗೆ ಬಾಡಿಗೆ ಕೊಡಬೇಕೇ.

ಶನಿವಾರ, 19 ಜನವರಿ

ದೊಡ್ಡ ಜಗಳ. ಬೋಪಣ್ಣನ ಎದುರಿಗೇ.

ನಾಲ್ಕನೆಯ ಸಲ ಅಭ್ಯಾಸ ನಡೆದಿತ್ತು. ಎಲ್ಲ ಬರೋಬರ್ ಆಗುತ್ತಿತ್ತು. ಕಲಾವತಿ ಗುಂಡಿ ಒತ್ತುವ ಬದಲು ಎದ್ದು ಬಾಲ್ಕನಿಗೆ ಹೋದಳು. ಬಟ್ಟೆಗೆ ಹಾಕುವ ಒಂದು ಕ್ಲಿಪ್ಪು ತಂದು ಮೂರನೆಯ ವ್ಯಾಗನ್ನಿನಲ್ಲಿ ನಿಲ್ಲಿಸಿದಳು. ನೀಲಿ ಕ್ಲಿಪ್ಪು, ಎರಡು ಕಾಲಿನ ಮೇಲೆ ನೆಟ್ಟಗೆ ನಿಂತಿತು.

“ಇದೇನು?” ಎಂದೆ.

“ಮಾರೋತಿ. ಹತ್ತು ದಿನದಿಂದ ನೋಡಾಕತ್ತೀನಿ. ಇಂಜಿನ್ ಐತಿ, ಚೀಟಿ ಐತಿ, ಮುಕಾದಮ ಅದಾನ, ನೀವು ಅದೀರಿ. ಒಳಗ ಇದ್ದ ಮನಷ್ಯಾನ್ನ ಎಲ್ಲಿಟ್ರಿ?”

ಆ ಹಮಾಲನ ಹೆಸರು ಮಾರೋತಿ ಎಂದು ಇವಳಿಗೆ ಹೇಗೆ ಗೊತ್ತು? ನಾನಂತೂ ಹೇಳಿದ ನೆನಪಿಲ್ಲ. ಬೋಪಣ್ಣ, “ತಾಯಿ, ಮನುಷ್ಯನ್ನ ಇಟ್ರೆ ಸಾಹೇಬರ ಗಮನ ಆ ಕಡೆ ಹೋಗುತ್ತೆ. ನಮಗೆ ಬೇಕಾಗಿರೋದು ಚೀಟಿ ಮೇಲೆ ಗಮನ,” ಎಂದು ಸಮಾಧಾನ ಹೇಳಿದ. ಅವಳು ಕೇಳಲಿಲ್ಲ. ಗುಂಡಿ ಒತ್ತಿದಳು. ಇಂಜಿನ್ನು ಜಗ್ಗಿದ ಕೂಡಲೇ ಕ್ಲಿಪ್ಪು ಹಳಿಯ ಮೇಲೆ ಬಿತ್ತು.

ಬಾಯಿಗೆ ಬಂದದ್ದು ಬೈದೆ. ನಿನ್ನ ತವರಿನವರ ಪೈಕಿ ಒಬ್ಬನಾದರೂ ಒಂದು ದಿನ ನೌಕರಿ ನೆಟ್ಟಗೆ ಮಾಡಿದ್ದಾನೆಯೇ ಎಂದೆ. ಹುಬ್ಬಳ್ಳಿಗೆ ಹೋಗಬೇಕು, ಅಕ್ಕನ ಹತ್ತಿರ ಇರಬೇಕು ಎಂದು ಹನ್ನೊಂದು ವರ್ಷ ಪ್ರಾಣ ತಿಂದವಳು ನೀನೇ ಎಂದೆ. ಆ ಕ್ಲಿಪ್ಪನ್ನು ತೆಗೆದು ಬಾಲ್ಕನಿಯಿಂದ ಕೆಳಗೆ ಎಸೆದೆ.

“ನಾ ಪ್ರಾಣಾ ತಿಂದಿದ್ದು ಖರೆ,” ಎಂದಳು. “ಆದ್ರ ಹಿಂಗ ಹೋಗೂಣು ಅಂದಿಲ್ಲ.” ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತಳು. ಬೋಪಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಸಂಜೆ ಕೆಳಗಿಳಿದು ಕರವೀರದ ಗಿಡದ ಸಂದಿಯಲ್ಲಿ ಹುಡುಕಿ ಕ್ಲಿಪ್ಪು ತಂದೆ. ಅದು ಡಜನ್ನಿನ ಸೆಟ್ಟು, ಒಂದು ಹೋದರೆ ಸೆಟ್ಟು ಹಾಳು.

ಸೋಮವಾರ, 21 ಜನವರಿ

ಬೀಳುತ್ತದೆ. ಕ್ಲಿಪ್ಪನ್ನು ಬಾಗಿಲ ಕಡೆಗೆ ಮುಖ ಮಾಡಿ ನಿಲ್ಲಿಸಿದರೂ ಬೀಳುತ್ತದೆ, ಗೋಡೆಗೆ ಆನಿಸಿದರೂ ಬೀಳುತ್ತದೆ. ಹಳೆಯ ಸೆಲ್ಲು ಹಾಕಿ ಇಂಜಿನ್ನಿನ ಜೋರು ಕಡಿಮೆ ಮಾಡಿದೆ, ಆಗಲೂ ಬಿತ್ತು. ಬೀಳದೇ ಇದ್ದದ್ದು ಒಂದೇ ಸಲ, ಗುಂಡಿ ಒತ್ತುವ ಮೊದಲು ನಾನು ಅದನ್ನು ಕೈಯಿಂದ ಎತ್ತಿ ಹೊರಗಿಟ್ಟಾಗ.

ಸೆಲ್ಲು ತೆಗೆದಿಟ್ಟಿದ್ದೇನೆ.

ಮಂಗಳವಾರ, 22 ಜನವರಿ

ಬೋಪಣ್ಣನ ಫೋನು. ಮಾರೋತಿಯ ಹೇಳಿಕೆಯನ್ನು ಆಸ್ಪತ್ರೆಯಲ್ಲೇ ಬರೆದುಕೊಂಡಿದ್ದಾರೆ, ವಿಚಾರಣೆಗೆ ಕರೆಯುವುದಿಲ್ಲ, ಅದು ನಮಗೆ ಅನುಕೂಲ ಎಂದ. ಎಷ್ಟು ಸಾಲಿನ ಹೇಳಿಕೆ ಎಂದು ಕೇಳಿದೆ. ಎರಡು ಸಾಲು. ಕಾಲು ಕಳೆದುಕೊಂಡವನಿಗೆ ಎರಡು ಸಾಲು, ನನ್ನ ಆರೋಪಪಟ್ಟಿ ನಾಲ್ಕು ಪುಟ. ಇದಾವ ನ್ಯಾಯ ಎಂದು ಕೂಗಿದೆ. “ನೀವು ಯಾರ ಕಡೆ ಕಾಶೀನಾಥ್?” ಎಂದು ಕೇಳಿದ. ನನ್ನ ಕಡೆಯೇ ಎಂದೆ. ಮತ್ತೆ ಯಾರ ಕಡೆ ಇರಲಿ?

ಗುರುವಾರ, 24 ಜನವರಿ

ನಾಳೆ ಹತ್ತೂವರೆಗೆ ವಿಚಾರಣೆ. ಬೋಪಣ್ಣ ಬಂದು ಡಬ್ಬಕ್ಕೆ ತುಂಬಿಸಿದ. ಹಳಿ, ಕ್ರೇನು, ಗೋಪುರ ಎಲ್ಲ ಎಣಿಸಿಟ್ಟ. ಕ್ಲಿಪ್ಪನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟ. “ಇದು ಬೇಡ,” ಎಂದ.

ಬೇಡದಿದ್ದರೆ ಬೇಡ ಎಂದೆ. ಈ ಮನುಷ್ಯನಿಗೆ ಹನ್ನೆರಡನೆಯವನನ್ನು ಗೆಲ್ಲಿಸುವುದೇ ಚಿಂತೆ, ನಾನು ಬದುಕಿದರೇನು ಬಿಟ್ಟರೇನು. ಆದರೂ ಅವನಲ್ಲದೆ ನನಗೆ ಬೇರೆ ಗತಿಯಿಲ್ಲ. ನಾಳೆ ಹೇಳಬೇಕಾದ್ದು ಒಂಬತ್ತು ವಾಕ್ಯ. ಬಾಯಿಪಾಠ ಒಪ್ಪಿಸಿದೆ. ಐದನೆಯ ವಾಕ್ಯದಲ್ಲಿ, ‘ಚೀಟಿಯನ್ನು ನಾನು ಯಲ್ಲಪ್ಪನ ಕೈಗೆ ಕೊಟ್ಟಿರಲಿಲ್ಲ’ ಎನ್ನುವಲ್ಲಿ ಮೂರು ಸಲ ತಡವರಿಸಿದೆ. ಕಫ.

ಕಲಾವತಿ ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದಾಳೆ. ಐದು ದಿನದಿಂದ ಊಟ ಬಡಿಸುತ್ತಾಳೆ, ಮಾತಾಡುವುದಿಲ್ಲ. ಬೈದರೆ ಬೈಸಿಕೊಳ್ಳಬಹುದು. ಇದು ಯಾವ ಬಗೆಯ ಸಿಟ್ಟು ಎಂದು ನನಗೆ ತಿಳಿಯುವುದಿಲ್ಲ.

ಶುಕ್ರವಾರ, 25 ಜನವರಿ

ಎಲ್ಲ ಹಾಳಾಯಿತು. ಹೇಗೆ ಹಾಳಾಯಿತೆಂದು ಬರೆದಿಡುತ್ತೇನೆ. ನಾಳೆ ಬೋಪಣ್ಣ ಊರೆಲ್ಲ ಬೇರೆಯದೇ ಹೇಳಿಕೊಂಡು ತಿರುಗುತ್ತಾನೆ.

ಮೀಟಿಂಗ್ ಕೋಣೆ. ಹಸಿರು ಬಟ್ಟೆ ಹಾಸಿದ ಉದ್ದ ಮೇಜು. ಮುಂಬೈಯ ಸಾಹೇಬರು ನಲವತ್ತು ದಾಟಿದವರು, ಮೆತ್ತಗಿನ ಮಾತು. ಪಕ್ಕದಲ್ಲಿ ಟೈಪಿಸ್ಟು. ಯಲ್ಲಪ್ಪ ಬಾಗಿಲ ಹತ್ತಿರ ನಿಂತಿದ್ದ, ಕೂರು ಎಂದು ಯಾರೂ ಅನ್ನಲಿಲ್ಲ. ಅಂಗಿಯ ಗುಂಡಿಯನ್ನು ಕುತ್ತಿಗೆಯ ತನಕ ಹಾಕಿಕೊಂಡಿದ್ದ.

ಮೊದಲು ಮಾರೋತಿಯ ಹೇಳಿಕೆ ಓದಿದರು. ‘ನಾನು ಒಳಗೆ ಚೀಲ ಸರಿಪಡಿಸುತ್ತಿದ್ದೆ. ಗಾಡಿ ಹೊರಟಿತು.’ ಅಷ್ಟೇ. ಓದಿ ಪಕ್ಕಕ್ಕಿಟ್ಟರು.

ಬೋಪಣ್ಣ ರೈಲು ಜೋಡಿಸಿದ. ಸಾಹೇಬರ ಮುಖ ಅರಳಿತು. ನಾನು ಒಂದರಿಂದ ನಾಲ್ಕನೆಯ ವಾಕ್ಯದವರೆಗೆ ಹೇಳಿದೆ, ಬೋಪಣ್ಣ ಓಡಿಸಿ ತೋರಿಸಿದ. ಎಲ್ಲಿ ಆಫೀಸು, ಎಲ್ಲಿ ಕಟ್ಟೆ, ಎಲ್ಲಿ ಮುಕಾದಮ. ಸಾಹೇಬರು “ಅಚ್ಛಾ, ಅಚ್ಛಾ” ಎನ್ನುತ್ತ ತಲೆಯಾಡಿಸಿದರು. ಅವರಿಗೆ ಎಲ್ಲ ಅರ್ಥವಾಗುತ್ತಿತ್ತು. ಬೋಪಣ್ಣನ ಲೆಕ್ಕ ತಪ್ಪಲಿಲ್ಲ, ಅದನ್ನು ಒಪ್ಪಬೇಕು.

ಆಗ ಗಾಡಿ ಗೋಪುರದ ಕೆಳಗೆ ಬಂದು ನಿಂತಿತು. ಮಣಿ ಸುರಿಯಿತು. ಮುಂದೆ ಹೋಗಿ ಗೂಟಕ್ಕೆ ತಾಗಿ ಹಸಿರು ಬಟ್ಟೆಯ ಮೇಲೆ ಎಲ್ಲವನ್ನೂ ಚೆಲ್ಲಿತು. ಸಾಹೇಬರು ಮಗುವಿನಂತೆ ನಕ್ಕರು. “ಫಿರ್ ಸೆ ಚಲಾವೋ,” ಎಂದರು. ಬೋಪಣ್ಣ ಮತ್ತೆ ಓಡಿಸಿದ. ಚಹಾ ತಂದ ಪ್ಯೂನನನ್ನೂ ನಿಲ್ಲಿಸಿ ನೋಡು ಎಂದರು. ಸಾಹೇಬರು ತಾವೇ ಕ್ರೇನಿನ ಹಿಡಿಕೆ ತಿರುಗಿಸಿದರು, ಅವಸರಕ್ಕೆ ಪೀಪಾಯಿ ಉರುಳಿ ಚಹಾದ ತಟ್ಟೆಗೆ ಬಿತ್ತು. ಟೈಪಿಸ್ಟು ನಕ್ಕ, ಪ್ಯೂನ ನಕ್ಕ, ಬೋಪಣ್ಣ ತೊಡೆ ತಟ್ಟಿಕೊಂಡು ನಕ್ಕ. ಬಾಗಿಲಲ್ಲಿ ನಿಂತ ಯಲ್ಲಪ್ಪ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ತನ್ನ ನೌಕರಿ ಹೋಗುತ್ತಿದೆ, ಮೂರ್ಖ ನಗುತ್ತಿದ್ದಾನೆ.

ನನಗೆ ಕಣ್ಣಿಗೆ ಕತ್ತಲೆ ಬರುವಷ್ಟು ಸಿಟ್ಟು ಬಂತು. ಮೇಜನ್ನು ಅಂಗೈಯಿಂದ ಹೊಡೆದೆ. ಇಂಜಿನ್ನು ಹಳಿ ತಪ್ಪಿ ಅಡ್ಡ ಬಿದ್ದು ಗಾಲಿ ತಿರುಗಿಸುತ್ತ ಮಲಗಿತು. ಇದು ಸಿನಿಮಾ ಅಲ್ಲ ಎಂದು ಹಿಂದಿಯಲ್ಲಿ ಕೂಗಿದೆ. ಮೂರನೆಯ ಡಬ್ಬಿಯಲ್ಲಿ ಮಾರೋತಿ ಇದ್ದ ಎಂದೆ. ಅವನಿದ್ದಾಗ ಮಣಿ ಸುರಿಯಲಿಲ್ಲ ಎಂದೆ. ಬೋಪಣ್ಣ ನನ್ನ ತೋಳು ಹಿಡಿದು ಜಗ್ಗಿದ, ಕೊಡವಿದೆ.

ಸಾಹೇಬರು ಕನ್ನಡಕ ತೆಗೆದು, “ತೋ ಚಿಟ್ಠೀ?” ಎಂದು ಮೆತ್ತಗೆ ಕೇಳಿದರು. ಅವರ ಮೆತ್ತಗಿನ ದನಿಗೆ ಇನ್ನೂ ಸಿಟ್ಟು ಬಂತು.

ಚೀಟಿ ಮೇಜಿನ ಮೇಲಿರಲಿಲ್ಲ, ಬೆಳಿಗ್ಗೆ ಎಂಟಕ್ಕೇ ಸಹಿ ಹಾಕಿ ಇವನ ಕೈಗೆ ಕೊಟ್ಟಿದ್ದೆ ಎಂದೆ. ಅವತ್ತೊಂದೇ ದಿನವಲ್ಲ, ಆರು ವರ್ಷದಿಂದ ದಿನಾ ಹಾಗೇ ಕೊಟ್ಟಿದ್ದೇನೆ ಎಂದೆ. ಇಣುಕಿ ನೋಡಬೇಕಾದವನು ನಾನು, ಆ ಹೊತ್ತಿಗೆ ನನ್ನ ವರ್ಗಾವಣೆಯ ಫೋನಿಗೆ ಕಾಯುತ್ತಿದ್ದೆ ಎಂದೆ. ಎಲ್ಲವನ್ನೂ ಜಗಳವಾಡುವ ದನಿಯಲ್ಲೇ ಹೇಳಿದೆ, ಸಾಹೇಬರೇ ಏನೋ ತಪ್ಪು ಮಾಡಿದ ಹಾಗೆ.

ಟೈಪಿಸ್ಟನ ಕೈ ನಿಂತಿತ್ತು. “ಯೆ ಭೀ ಲಿಖೂಂ?” ಎಂದು ಸಾಹೇಬರನ್ನು ಕೇಳಿದ. ಅವರು ಬಾಯಿ ತೆರೆಯುವ ಮೊದಲೇ ಲಿಖೋ ಎಂದು ನಾನು ಗದರಿದೆ. ಬರೆದ.

ಹೊರಗೆ ಬಂದ ಮೇಲೆ ಬೋಪಣ್ಣ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು, “ಐದು ನಿಮಿಷ ಸುಮ್ನಿದ್ದಿದ್ರೆ ಗೆದ್ದಿದ್ವಿ ಮಾರಾಯ್ರೇ. ಅವರು ನಗೋಕೆ ಶುರು ಮಾಡಿದ್ರಲ್ಲ, ಆಗಲೇ ಗೆದ್ದಾಗಿತ್ತು,” ಎಂದ. ಮೊದಲ ಸಲ ಅವನ ದನಿಯಲ್ಲಿ ನಗುವಿರಲಿಲ್ಲ, ಬೇಸರವಿತ್ತು. ಅದೂ ನನಗೆ ಸಹಿಸಲಾಗಲಿಲ್ಲ.

ಮನೆಗೆ ಬಂದು ಕಲಾವತಿಗೆ ಹೇಳಿದೆ. ಹುಬ್ಬಳ್ಳಿ ಮುಗಿಯಿತು ಎಂದೆ. ಏನಾದರೂ ಅಂದಾಳು ಎಂದು ಕಾದೆ. “ಅಂಗಿ ಬಿಚ್ಚಿ ಕೊಡ್ರಿ, ಚಹಾ ಬಿದ್ದೈತಿ,” ಎಂದಳು. ಆರು ದಿನದ ಮೇಲೆ ಆಡಿದ ಮೊದಲ ಮಾತು.

ಭಾನುವಾರ, 10 ಫೆಬ್ರವರಿ

ಆದೇಶ ಶುಕ್ರವಾರ ಬಂತು. ಎರಡು ದರ್ಜೆ ಕೆಳಗೆ ಇಳಿಸಿದ್ದಾರೆ. ಇಲ್ಲೇ ನಾಗಪುರದ ಅಂಚಿನ ವಾಡಿಯ ಗೋದಾಮಿನಲ್ಲಿ ಲಾರಿಗೆ ಚೀಲ ಎಣಿಸುವ ಕೆಲಸ. ವರ್ಗಾವಣೆ ರದ್ದು, ಐದು ವರ್ಷ ಅರ್ಜಿ ಹಾಕುವಂತಿಲ್ಲ. ಅಷ್ಟರಲ್ಲಿ ನಿವೃತ್ತಿಯ ವಯಸ್ಸಿಗೆ ಬಂದಿರುತ್ತೇನೆ. ಮುಕಾದಮನಿಗೆ ಏನೂ ಇಲ್ಲ. ಚೀಟಿಗಳು ಹೇಗೆ ಹೋಗುತ್ತಿದ್ದವೆಂದು ಗೊತ್ತಿದ್ದೂ ಕಣ್ಣು ಮುಚ್ಚಿಕೊಂಡ ಮೇಲಿನವರಿಗೂ ಏನೂ ಇಲ್ಲ. ಅವರ ಮನೆ ಹಾಳಾಗಲಿ. ಬೋಪಣ್ಣ ರೈಲು ವಾಪಸು ಕೊಡಲು ಬರಲಿಲ್ಲ, ಒಯ್ದವನು ಒಯ್ದೇಬಿಟ್ಟ. ಅವನಿಗೆ ಹದಿಮೂರನೆಯವನು ಸಿಕ್ಕಿದ್ದಾನಂತೆ.

ಯಲ್ಲಪ್ಪನಿಗೆ ಎಚ್ಚರಿಕೆಯ ಪತ್ರ ಕೊಟ್ಟು ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಇವತ್ತು ಬೆಳಿಗ್ಗೆ ಮನೆಗೆ ಬಂದ. ಈ ಸಲ ನಾನು ಒಳಕೋಣೆಗೆ ಹೋಗಲಿಲ್ಲ. ಕುರ್ಚಿಯಲ್ಲಿ ಕೂತೇ ಇದ್ದೆ, ಬೈಯಲಿ ಎಂದು. ಬೈದರೆ ಏನು ಹೇಳಬೇಕೆಂದು ಯೋಚಿಸಿಟ್ಟಿದ್ದೆ.

ಅವನು ನೇರ ಬಂದು ಬಗ್ಗಿ ನೆಲದ ಮೇಲೆ ಕೂತ. “ನಿಮ್ಮ ಉಪಕಾರ ಈ ಜನ್ಮದಾಗ ಮರಿಯಂಗಿಲ್ಲ ಸರ್. ನನ್ನ ನೌಕರಿ ಉಳಿಸಿದ್ರಿ,” ಎಂದ.

“ಏಳು ಮ್ಯಾಲೆ. ಉಪಕಾರ ಅಂದೀ ಅಂದ್ರ ಹೊರಗ ಹಾಕ್ತೀನಿ,” ಎಂದೆ.

ಏಳಲಿಲ್ಲ. ನನ್ನ ಸಿಟ್ಟು ಅವನಿಗೆ ಹದಿನೇಳು ವರ್ಷದಿಂದ ರೂಢಿ. ಈ ಮಾತು ಹೇಗಾದರೂ ನಿಲ್ಲಿಸಬೇಕೆಂದು ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಚೀಟಿ ನೀನೇ ಕದ್ದೆ ಎಂದು ಹೇಳಲು ಹೊರಟಿದ್ದೆ, ನಿನ್ನನ್ನು ಮನೆಗೆ ಕಳಿಸಲಿಕ್ಕೆ ಇದೇ ನೆಲದ ಮೇಲೆ ಎರಡು ವಾರ ಕೂತು ಅಭ್ಯಾಸ ಮಾಡಿದ್ದೆ ಎಂದೆ.

“ಗೊತ್ತೈತ್ರಿ ಸರ್,” ಎಂದ. “ಸಂಕ್ರಾಂತಿ ದಿನಾನ ಅಕ್ಕಾರು ಎಲ್ಲಾ ಹೇಳಿದ್ರು.”

ಕಲಾವತಿ ಅಡುಗೆಮನೆಯ ಬಾಗಿಲಲ್ಲಿದ್ದಳು. ಅವಳ ಕಡೆ ನೋಡಿದೆ. ಅವಳೂ ನೋಡಿದಳು, ತಲೆ ತಗ್ಗಿಸಲಿಲ್ಲ.

“ಗೊತ್ತಿದ್ದೂ ಯಾಕ ಸುಮ್ಮನ ನಿಂತಿದ್ದಿ ಅಲ್ಲೆ? ಬಾಯಿ ಇರಲಿಲ್ಲೇನು ನಿನಗ?” ಎಂದು ಕೂಗಿದೆ.

“ನೀವು ಹೇಳ್ತೀರಿ ಅನಕೊಂಡಿದ್ದೆ ಸರ್,” ಎಂದ ಯಲ್ಲಪ್ಪ. ಎಡಗಾಲು ಮುಟ್ಟಿದ, ಬಲಗಾಲು ಮುಟ್ಟಿದ, ಕೈಗಳನ್ನು ಕಣ್ಣಿಗೊತ್ತಿಕೊಂಡ. ನಾನು ಎರಡೂ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ.